ದೆಹಲಿಯ ಬಜೆಟ್‌ನಲ್ಲಿ ನಮ್ಮ ಜಿಲ್ಲೆಯ ಸಾಲನ್ನು ಹುಡುಕುವ ಬಗೆ: ರಾಯಚೂರು, ಕೊಪ್ಪಳ, ಬಳ್ಳಾರಿಯವರಿಗೆ ಒಂದು ಕೈಪಿಡಿ

ಫೆಬ್ರವರಿ 1ರ ಮಧ್ಯಾಹ್ನ ಕೇಂದ್ರ ಹಣಕಾಸು ಸಚಿವರ ಭಾಷಣ ಮುಗಿಯುವಷ್ಟರಲ್ಲಿ ನಮ್ಮ ಭಾಗದಲ್ಲಿ ಎರಡು ಬಗೆಯ ಹೇಳಿಕೆಗಳು ಸಿದ್ಧವಾಗಿರುತ್ತವೆ. ಕಲ್ಯಾಣ ಕರ್ನಾಟಕದ ಕೈಗೆ ಮತ್ತೆ ಚೊಂಬು ಕೊಟ್ಟರು ಎಂದು ಒಂದು ಕಡೆಯವರು ಹೇಳುತ್ತಾರೆ, ಇದು ಐತಿಹಾಸಿಕ ಬಜೆಟ್ ಎಂದು ಇನ್ನೊಂದು ಕಡೆಯವರು ಹೇಳುತ್ತಾರೆ. ಅಷ್ಟರೊಳಗೆ ಈ ಇಬ್ಬರಲ್ಲಿ ಯಾರೂ ಖರ್ಚಿನ ಪುಸ್ತಕವನ್ನು ತೆರೆದು ನೋಡಿರುವುದಿಲ್ಲ. ಆ ಪುಸ್ತಕವನ್ನು ಎಲ್ಲಿ ತೆರೆಯಬೇಕು, ಅದರಲ್ಲಿ ನಮ್ಮ ಊರಿಗೆ ಸಂಬಂಧಿಸಿದ ಮೊತ್ತವನ್ನು ಹೇಗೆ ಗುರುತಿಸಬೇಕು, ಗುರುತಿಸಿದ ಮೇಲೆ ಯಾವ ಪ್ರತಿನಿಧಿಯನ್ನು ಯಾವ ಮಾತುಗಳಲ್ಲಿ ಕೇಳಬೇಕು ಎಂಬುದನ್ನು ತಿಳಿಸುವುದಷ್ಟೇ ಈ ಬರಹದ ಉದ್ದೇಶ. ರೈಲು ಹೋರಾಟ ಸಮಿತಿ, ರೈತ ಸಂಘ, ಗ್ರಾಮ ಪಂಚಾಯಿತಿ, ಕಾಲೇಜು ವಿದ್ಯಾರ್ಥಿಗಳ ಬಳಗ, ಊರಿನ ಪರವಾಗಿ ಮನವಿ ಬರೆದುಕೊಡುವ ಹೊಣೆ ಹೆಗಲಿಗೆ ಬಿದ್ದಿರುವ ನಿವೃತ್ತ ಮಾಸ್ತರರು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ನಿಮ್ಮ ಸಂಸದರು ಯಾರೆಂದು ಮೊದಲು ಖಚಿತಪಡಿಸಿಕೊಳ್ಳಿ

ಕರ್ನಾಟಕಕ್ಕೆ ಲೋಕಸಭೆಯಲ್ಲಿ 28 ಮತ್ತು ರಾಜ್ಯಸಭೆಯಲ್ಲಿ 12 ಸ್ಥಾನಗಳಿವೆ. ವಿಧಾನಸಭೆಯ 224 ಕ್ಷೇತ್ರಗಳನ್ನು 28ರಿಂದ ಭಾಗಿಸಿದರೆ ಎಂಟು ಬರುವುದರಿಂದ, ರಾಜ್ಯದ ಪ್ರತಿಯೊಂದು ಲೋಕಸಭಾ ಕ್ಷೇತ್ರದಲ್ಲಿಯೂ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಇಷ್ಟು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಜಿಲ್ಲೆಯ ಗಡಿಯೂ ಲೋಕಸಭಾ ಕ್ಷೇತ್ರದ ಗಡಿಯೂ ಒಂದೇ ಅಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ, ಮತ್ತು ಮನವಿ ಪತ್ರಗಳು ದಾರಿ ತಪ್ಪುವುದು ಇಲ್ಲಿಂದಲೇ.

ಸಿಂಧನೂರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಸಿಂಧನೂರು ರಾಯಚೂರು ಜಿಲ್ಲೆಯ ತಾಲ್ಲೂಕು, ಅಲ್ಲಿನವರ ಜಿಲ್ಲಾಧಿಕಾರಿ ಕೂರುವುದು ರಾಯಚೂರಿನಲ್ಲಿ, ಆದರೆ ಅವರ ಸಂಸದರು ಕೊಪ್ಪಳ ಕ್ಷೇತ್ರದವರು. ಮಸ್ಕಿಯದೂ ಇದೇ ಸ್ಥಿತಿ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕೂಡ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೇ ಸೇರಿದೆ. ಈ ಮೂರರ ಜೊತೆಗೆ ಕೊಪ್ಪಳ ಜಿಲ್ಲೆಯ ಐದೂ ಕ್ಷೇತ್ರಗಳು, ಅಂದರೆ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಕನಕಗಿರಿ ಮತ್ತು ಗಂಗಾವತಿ ಸೇರಿ ಎಂಟಾಗುತ್ತವೆ. ರಾಯಚೂರು ಲೋಕಸಭಾ ಕ್ಷೇತ್ರದಲ್ಲಿ ರಾಯಚೂರು ನಗರ, ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ ಮತ್ತು ಲಿಂಗಸುಗೂರಿನ ಜೊತೆಗೆ ಪಕ್ಕದ ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಮತ್ತು ಯಾದಗಿರಿ ಇವೆ. ಬಳ್ಳಾರಿ ಲೋಕಸಭಾ ಕ್ಷೇತ್ರವು ಬಳ್ಳಾರಿ ನಗರ, ಬಳ್ಳಾರಿ ಗ್ರಾಮೀಣ, ಕಂಪ್ಲಿ ಮತ್ತು ಸಂಡೂರನ್ನು ಹಾಗೂ 2021ರಲ್ಲಿ ಬೇರೆಯಾದ ವಿಜಯನಗರ ಜಿಲ್ಲೆಯ ಹೊಸಪೇಟೆ ಭಾಗ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿಯನ್ನು ಒಳಗೊಂಡಿದೆ. ವಿಜಯನಗರ ಜಿಲ್ಲೆಯದೇ ಆದ ಹರಪನಹಳ್ಳಿ ಮಾತ್ರ ದಾವಣಗೆರೆ ಕ್ಷೇತ್ರದಲ್ಲಿದೆ.

ಇವುಗಳಲ್ಲಿ ರಾಯಚೂರು ಮತ್ತು ಬಳ್ಳಾರಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರಗಳು. ರಾಜ್ಯದಲ್ಲಿ ಲೋಕಸಭೆಗೆ ಹೀಗೆ ಮೀಸಲಾಗಿರುವುದು ಇವೆರಡೇ. ಕೊಪ್ಪಳ ಸಾಮಾನ್ಯ ಕ್ಷೇತ್ರ. 2024ರ ಚುನಾವಣೆಯಲ್ಲಿ ರಾಯಚೂರಿನಿಂದ ಜಿ. ಕುಮಾರ ನಾಯಕ, ಕೊಪ್ಪಳದಿಂದ ಕೆ. ರಾಜಶೇಖರ ಹಿಟ್ನಾಳ, ಬಳ್ಳಾರಿಯಿಂದ ಇ. ತುಕಾರಾಂ ಆಯ್ಕೆಯಾದರು. ಮೂವರೂ ಕಾಂಗ್ರೆಸ್ಸಿನವರು. ಕೇಂದ್ರದಲ್ಲಿ ವಿರೋಧ ಪಕ್ಷದವರಾದ್ದರಿಂದ ಅವರಿಗೆ ಬರೆದು ಪ್ರಯೋಜನವಿಲ್ಲ ಎಂದು ಕೆಲವರು ಕೈಚೆಲ್ಲುವುದುಂಟು, ಆದರೆ ಅದು ಸರಿಯಾದ ಲೆಕ್ಕವಲ್ಲ. ಪ್ರಶ್ನೆ ಕೇಳುವ ಹಕ್ಕು ಆಡಳಿತ ಪಕ್ಷದ ಸದಸ್ಯರಿಗೂ ವಿರೋಧ ಪಕ್ಷದ ಸದಸ್ಯರಿಗೂ ಸಮಾನವಾಗಿದೆ, ಮತ್ತು ಸಚಿವರು ಲಿಖಿತ ಉತ್ತರ ಕೊಡುವುದು ಪಕ್ಷ ನೋಡಿಯಲ್ಲ.

ರಾಜ್ಯಸಭೆಯ 12 ಸದಸ್ಯರನ್ನು ನಮ್ಮ ಶಾಸಕರು ಆರಿಸುತ್ತಾರೆ, ಅವಧಿ ಆರು ವರ್ಷ. ಅವರಿಗೆ ಇಡೀ ರಾಜ್ಯವೇ ಕ್ಷೇತ್ರವಾದ್ದರಿಂದ ದೇವದುರ್ಗದ ಮನವಿಯನ್ನು ಅವರಲ್ಲಿ ಯಾರಿಗೆ ಬೇಕಾದರೂ ಕೊಡಬಹುದು. 2016ರಿಂದ ನಿರ್ಮಲಾ ಸೀತಾರಾಮನ್ ಅವರು ಕರ್ನಾಟಕದಿಂದಲೇ ರಾಜ್ಯಸಭೆಗೆ ಆಯ್ಕೆಯಾಗಿ ಬಂದವರು ಎಂಬುದನ್ನು ಮನವಿ ಬರೆಯುವವರು ನೆನಪಿಟ್ಟುಕೊಳ್ಳಬೇಕು. ಅವರನ್ನು ಹಣಕಾಸು ಸಚಿವರೆಂದು ಮಾತ್ರವಲ್ಲ, ನಮ್ಮ ರಾಜ್ಯದ ಪ್ರತಿನಿಧಿಯೆಂದೂ ಸಂಬೋಧಿಸಿ ಬರೆಯಬಹುದು. ಹಾಗೆಂದು ದೊಡ್ಡ ಹೆಸರುಗಳ ಮೇಲೆ ಅತಿಯಾದ ಭರವಸೆ ಇಡುವುದೂ ಬೇಡ. 1999ರಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಬಳ್ಳಾರಿಯಲ್ಲಿ ಎದುರಾಳಿಗಳಾದಾಗ ಇಡೀ ದೇಶದ ಬಾಯಲ್ಲಿ ಬಳ್ಳಾರಿಯ ಹೆಸರಿತ್ತು. ಗೆದ್ದ ಸೋನಿಯಾ ಅವರು ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು.

ಮನವಿಯಲ್ಲಿ ಬಳಸಬೇಕಾದ ಮೂಲ ಅಂಕಿಗಳು

ಮನವಿ ಪತ್ರದ ಮೊದಲ ಭಾಗದಲ್ಲಿ ನಮ್ಮ ಭಾಗದ ಹಿಂದುಳಿದಿರುವಿಕೆಯನ್ನು ವಿಶೇಷಣಗಳಿಂದ ವರ್ಣಿಸುವುದಕ್ಕಿಂತ ನಾಲ್ಕು ಅಂಕಿಗಳನ್ನು ಕೊಡುವುದು ಲೇಸು. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್, 2011ರ ಜನಗಣತಿಯಂತೆ ಜನಸಂಖ್ಯೆ 6,10,95,297, ಜಿಲ್ಲೆಗಳು 31. ಅದೇ ಗಣತಿಯ ಪ್ರಕಾರ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇ. 59.56, ಕೊಪ್ಪಳದ್ದು ಶೇ. 68.09, ಬಳ್ಳಾರಿಯದು ಶೇ. 67.43 ಇತ್ತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2011ರ ಬಳ್ಳಾರಿ ಎಂದರೆ ಇಂದಿನ ಬಳ್ಳಾರಿಯಲ್ಲ. ಹೊಸಪೇಟೆ, ಸಂಡೂರು, ಕೂಡ್ಲಿಗಿಗಳೆಲ್ಲ ಒಂದೇ ಜಿಲ್ಲೆಯಲ್ಲಿದ್ದ ಅವಿಭಜಿತ ಬಳ್ಳಾರಿ. ಆ ಅಂಕಿಯನ್ನು ಇಂದಿನ ಜಿಲ್ಲೆಗೆ ಹಾಗೆಯೇ ಹಚ್ಚಿದರೆ ದೆಹಲಿಯ ಯಾವುದೋ ಒಬ್ಬ ಅಧೀನ ಕಾರ್ಯದರ್ಶಿ ಅದನ್ನು ಗುರುತಿಸಿ ಇಡೀ ಮನವಿಯನ್ನೇ ಬದಿಗಿಡಬಹುದು.

ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವು ಎಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದೂ ಗುರುತಿಸಿತ್ತು. ಆ 39ರಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗಕ್ಕೆ ಸೇರಿದ್ದವು. 2018ರಲ್ಲಿ ಕೇಂದ್ರ ಸರ್ಕಾರವೇ ಹಿಂದುಳಿದ ಜಿಲ್ಲೆಗಳಿಗಾಗಿ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಕಾರ್ಯಕ್ರಮವನ್ನು ಆರಂಭಿಸಿದಾಗ ಕರ್ನಾಟಕದಿಂದ ಆರಿಸಿದ್ದು ರಾಯಚೂರು ಮತ್ತು ಯಾದಗಿರಿಯನ್ನು. ಕೇಂದ್ರಕ್ಕೆ ಬರೆಯುವಾಗ ನಂಜುಂಡಪ್ಪ ವರದಿಗಿಂತ ಈ ಎರಡನೆಯ ಸಂಗತಿಗೆ ಹೆಚ್ಚು ತೂಕವಿದೆ, ಏಕೆಂದರೆ ಅದು ಅವರದೇ ಪಟ್ಟಿ.

ಕೇಳಬೇಕಾದದ್ದು ಯಾರನ್ನು

ಬೇಡಿಕೆ ಎಷ್ಟೇ ನ್ಯಾಯವಾಗಿದ್ದರೂ ತಪ್ಪು ಕಚೇರಿಗೆ ಹೋದರೆ ಅಲ್ಲಿಂದ ಬರುವುದು ಹಿಂಬರಹ ಮಾತ್ರ. ಆದ್ದರಿಂದ ಪೆನ್ನು ಹಿಡಿಯುವ ಮೊದಲು ಈ ಕೆಲಸಕ್ಕೆ ಹಣ ಯಾರ ಖಜಾನೆಯಿಂದ ಬರಬೇಕು ಎಂದು ವಿಚಾರಿಸಬೇಕು. ನನ್ನ ಅನುಭವದಲ್ಲಿ ಸಂಸದರ ಕಚೇರಿಗೆ ಬರುವ ಅರ್ಜಿಗಳಲ್ಲಿ ಬಹುಪಾಲು ರಾಜ್ಯ ಸರ್ಕಾರಕ್ಕೋ ಪಂಚಾಯಿತಿಗೋ ಸಲ್ಲಬೇಕಾದವು.

ಅತಿ ಹೆಚ್ಚು ಗೊಂದಲವಿರುವುದು 371(ಜೆ) ವಿಧಿಯ ಸುತ್ತ. 2012ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ 98ನೇ ತಿದ್ದುಪಡಿಯಿಂದ ಕಲ್ಯಾಣ ಕರ್ನಾಟಕಕ್ಕೆ ಈ ವಿಶೇಷ ಸ್ಥಾನಮಾನ ದೊರೆಯಿತು, ಹೀಗಾಗಿ ಇದರ ಹಣವೂ ದೆಹಲಿಯಿಂದ ಬರುತ್ತದೆ ಎಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರಿಂದ ವರ್ಷಕ್ಕೆ 5,000 ಕೋಟಿ ರೂಪಾಯಿಯನ್ನು ಘೋಷಿಸುತ್ತಿರುವುದು ರಾಜ್ಯ ಬಜೆಟ್. ಮಂಡಳಿಯ ರಸ್ತೆ ಅರ್ಧಕ್ಕೆ ನಿಂತಿದ್ದರೆ ಶಾಸಕರನ್ನೂ ಮಂಡಳಿಯನ್ನೂ ಕೇಳಬೇಕೇ ಹೊರತು ಲೋಕಸಭಾ ಸದಸ್ಯರನ್ನಲ್ಲ. (ಹೈದರಾಬಾದ್ ಸಂಸ್ಥಾನದಿಂದಲ್ಲ, ಮದ್ರಾಸ್ ರಾಜ್ಯದಿಂದ 1953ರಲ್ಲಿ ಮೈಸೂರಿಗೆ ಬಂದ ಬಳ್ಳಾರಿಯೂ ಈ ವಿಧಿಯೊಳಗೆ ಸೇರಿತು, ಹಿಂದುಳಿದಿರುವಿಕೆಗೆ ನಿಜಾಮರ ಆಳ್ವಿಕೆಯೊಂದೇ ಕಾರಣವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.)

ತುಂಗಭದ್ರಾ ಜಲಾಶಯದ ವಿಷಯ ಇನ್ನೂ ಸೂಕ್ಷ್ಮವಾದದ್ದು. 2024ರ ಆಗಸ್ಟ್ 10ರ ರಾತ್ರಿ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಾಗ ಗಂಗಾವತಿ, ಸಿಂಧನೂರು ಭಾಗದ ರೈತರು ರಾಜ್ಯವನ್ನೂ ಕೇಂದ್ರವನ್ನೂ ಒಟ್ಟಿಗೇ ದೂರಿದರು. ಅಣೆಕಟ್ಟೆಯ ನಿರ್ವಹಣೆ ಇರುವುದು ತುಂಗಭದ್ರಾ ಮಂಡಳಿಯ ಕೈಯಲ್ಲಿ. 1953ರ ಆಂಧ್ರ ರಾಜ್ಯ ಕಾಯ್ದೆಯ ಅಡಿಯಲ್ಲಿ ರಾಷ್ಟ್ರಪತಿಗಳ ಆದೇಶದಿಂದ ಅದು ರಚನೆಯಾಯಿತು, ಆದರೆ ಅದರ ಖರ್ಚನ್ನು ಭರಿಸುವುದು ಪಾಲುದಾರ ರಾಜ್ಯಗಳು. ಹಾಗಾಗಿ ಗೇಟುಗಳ ವಿಷಯದಲ್ಲಿ ಮನವಿಯು ಮಂಡಳಿಗೆ ಮತ್ತು ರಾಜ್ಯದ ಜಲಸಂಪನ್ಮೂಲ ಇಲಾಖೆಗೆ ಹೋಗಬೇಕು, ಕೇಂದ್ರದ ಜಲಶಕ್ತಿ ಸಚಿವಾಲಯಕ್ಕೆ ಪ್ರತಿ ಹೋಗಬೇಕು. ಕೇಂದ್ರ ಬಜೆಟ್‌ನಲ್ಲಿ ಗೇಟಿನ ಹಣವನ್ನು ಹುಡುಕಿ ಫಲವಿಲ್ಲ.

ಗಣಿ ಭಾಗದವರಿಗೆ ಮೂರನೆಯದೊಂದು ಮೂಲವಿದೆ. 2015ರ ಗಣಿ ಕಾಯ್ದೆಯ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗುತ್ತಿಗೆದಾರರು ರಾಜಧನದ ಮೇಲೆ ಹೆಚ್ಚುವರಿಯಾಗಿ ಹಣ ಕಟ್ಟುತ್ತಾರೆ. ಅದು ಜಿಲ್ಲೆಯಲ್ಲಿಯೇ ಉಳಿಯುತ್ತದೆ. ಸಂಡೂರಿನ ಗಣಿ ಬಾಧಿತ ಹಳ್ಳಿಯವರು ಕುಡಿಯುವ ನೀರಿಗಾಗಿ ದೆಹಲಿಗೆ ಬರೆಯುವ ಮೊದಲು ಈ ನಿಧಿಯ ಕ್ರಿಯಾ ಯೋಜನೆಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ ನೋಡಲಿ.

ಇನ್ನು ನೇರವಾಗಿ ಕೇಂದ್ರದ್ದೇ ಆದವು: ರೈಲು, ರಾಷ್ಟ್ರೀಯ ಹೆದ್ದಾರಿ, ಏಮ್ಸ್‌ನಂತಹ ಸಂಸ್ಥೆಗಳು, ಅಂಚೆ, ವಿಮಾನಯಾನ. 2022ರ ಮೇ ತಿಂಗಳಿನಿಂದ ರಾಯಚೂರಿನಲ್ಲಿ ಏಮ್ಸ್‌ಗಾಗಿ ಧರಣಿ ನಡೆದದ್ದು ಸರಿಯಾದ ಬಾಗಿಲನ್ನು ತಟ್ಟಿದ ಹೋರಾಟ. ರಾಜ್ಯ ಸರ್ಕಾರವು ರಾಯಚೂರಿನ ಹೆಸರನ್ನು ಶಿಫಾರಸು ಮಾಡಿಯೂ ಆಗಿದೆ, ತೀರ್ಮಾನ ಕೇಂದ್ರದ ಆರೋಗ್ಯ ಸಚಿವಾಲಯದ್ದು.

ಸಂಸದರ ನಿಧಿಯ ಬಗೆಗೆ ಒಂದು ಮಾತು. ಪ್ರತಿ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಯ ಕಾಮಗಾರಿಗಳನ್ನು ಶಿಫಾರಸು ಮಾಡುವ ಅವಕಾಶವಿದೆ. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಸಮನಾಗಿ ಹಂಚಿದರೆ ತಲಾ 62.5 ಲಕ್ಷ ಆಗುತ್ತದೆ. ಅದರಲ್ಲಿ ಶೇ. 15 ಪರಿಶಿಷ್ಟ ಜಾತಿಯವರ ಮತ್ತು ಶೇ. 7.5 ಪರಿಶಿಷ್ಟ ಪಂಗಡದವರ ವಸತಿ ಪ್ರದೇಶಗಳಿಗೆ ಸಲ್ಲಬೇಕು. ಬಸ್ ತಂಗುದಾಣ, ಶಾಲೆಯ ಕೊಠಡಿ, ಶುದ್ಧ ನೀರಿನ ಘಟಕಕ್ಕೆ ಇದು ಸಾಕು. ಸೇತುವೆಯನ್ನು ಇದರಿಂದ ಕೇಳಬೇಡಿ.

ರಾಜ್ಯದ ತೆರಿಗೆ ಪಾಲಿನ ಲೆಕ್ಕ

ನಮ್ಮ ತೆರಿಗೆ ನಮ್ಮ ಹಕ್ಕು ಎಂಬ ಘೋಷಣೆಯನ್ನು ಎಲ್ಲರೂ ಕೇಳಿದ್ದಾರೆ, ಅದರ ಹಿಂದಿನ ಲೆಕ್ಕವನ್ನು ಒಮ್ಮೆಯಾದರೂ ಕೈಯಾರೆ ಮಾಡಿ ನೋಡಿದವರು ಕಡಿಮೆ. ಲೆಕ್ಕ ಕಷ್ಟದ್ದಲ್ಲ. ಕೇಂದ್ರವು ಸಂಗ್ರಹಿಸುವ ತೆರಿಗೆಯಲ್ಲಿ ಸೆಸ್, ಸರ್‌ಚಾರ್ಜ್ ಮತ್ತು ಸಂಗ್ರಹಣಾ ವೆಚ್ಚವನ್ನು ಕಳೆದು ಉಳಿದ ನಿವ್ವಳ ಮೊತ್ತದ ಶೇ. 41ನ್ನು ರಾಜ್ಯಗಳಿಗೆ ಹಂಚಬೇಕೆಂದು 15ನೇ ಹಣಕಾಸು ಆಯೋಗ ಹೇಳಿತು. 2025–26ರ ಬಜೆಟ್ ಅಂದಾಜಿನಲ್ಲಿ ಎಲ್ಲ ರಾಜ್ಯಗಳಿಗೆ ಸೇರಿ ಹಂಚಬೇಕಾದ ಮೊತ್ತ 14,22,444 ಕೋಟಿ ರೂಪಾಯಿ. ಕರ್ನಾಟಕದ ಪಾಲು ಶೇ. 3.647. ಮೊದಲನೆಯದನ್ನು ಎರಡನೆಯದರಿಂದ ಗುಣಿಸಿ ನೂರರಿಂದ ಭಾಗಿಸಿದರೆ ಸುಮಾರು 51,876 ಕೋಟಿ ಬರುತ್ತದೆ. ಹಿಂದಿನ, ಅಂದರೆ 14ನೇ ಆಯೋಗದ ಕಾಲದಲ್ಲಿ ನಮ್ಮ ಪಾಲು ಶೇ. 4.713 ಇತ್ತು. ಅದೇ ಮೊತ್ತಕ್ಕೆ ಆ ಪಾಲನ್ನು ಹಚ್ಚಿದರೆ ಸುಮಾರು 67,040 ಕೋಟಿ. ವ್ಯತ್ಯಾಸ ಒಂದೇ ವರ್ಷಕ್ಕೆ 15,000 ಕೋಟಿಗೂ ಮಿಕ್ಕಿದ್ದು, ಅಂದರೆ ಕಲ್ಯಾಣ ಕರ್ನಾಟಕ ಮಂಡಳಿಯ ವಾರ್ಷಿಕ ಘೋಷಣೆಯ ಮೂರು ಪಟ್ಟು.

ಪಾಲು ಕುಸಿದದ್ದು ಏಕೆ? 15ನೇ ಆಯೋಗವು ಹಂಚಿಕೆಯ ಸೂತ್ರದಲ್ಲಿ ಶೇ. 45ರಷ್ಟು ತೂಕವನ್ನು ತಲಾ ಆದಾಯದ ಅಂತರಕ್ಕೆ ಕೊಟ್ಟಿತು, ಜನಸಂಖ್ಯೆಗೆ 1971ರ ಬದಲು 2011ರ ಗಣತಿಯನ್ನು ಹಿಡಿಯಿತು. ತಲಾ ಆದಾಯ ಹೆಚ್ಚಿರುವ ರಾಜ್ಯಕ್ಕೆ ಪಾಲು ಕಡಿಮೆ. ಬಡ ರಾಜ್ಯಗಳಿಗೆ ಹೆಚ್ಚು ಸಿಗಬೇಕೆಂಬ ತತ್ವದಲ್ಲಿ ತಪ್ಪಿಲ್ಲ. ಆದರೆ ಬೆಂಗಳೂರಿನ ಆದಾಯವನ್ನೂ ದೇವದುರ್ಗದ ಆದಾಯವನ್ನೂ ಕೂಡಿಸಿ ರಾಜ್ಯದ ಸರಾಸರಿ ತೆಗೆಯುವುದೆಂದರೆ, ಎಡದಂಡೆ ಕಾಲುವೆಯ ಭತ್ತದ ಗದ್ದೆಯ ಇಳುವರಿಯನ್ನು ಪಕ್ಕದ ಮರಡಿ ಹೊಲದ ಇಳುವರಿಯೊಂದಿಗೆ ಕೂಡಿಸಿ ಇಬ್ಬರು ರೈತರಿಗೂ ಒಂದೇ ಕಂದಾಯ ಹಾಕಿದಂತೆ. ರಾಜ್ಯ ಶ್ರೀಮಂತ ಎಂಬ ಕಾರಣಕ್ಕೆ ದೆಹಲಿಯಲ್ಲಿ ಕಡಿತವಾದ ಹಣದ ಬಿಸಿ ಮೊದಲು ತಟ್ಟುವುದು ಬೆಂಗಳೂರಿಗಲ್ಲ. ಈ ವಾದವನ್ನು ಕೇಂದ್ರದ ಮುಂದೆ ಇಡುವಾಗಲೇ, ಬಂದ ಹಣವನ್ನು ರಾಜ್ಯದೊಳಗೆ ಹೇಗೆ ಹಂಚುತ್ತೀರಿ ಎಂದು ವಿಧಾನಸೌಧವನ್ನೂ ಕೇಳುವುದು ನಮ್ಮ ಭಾಗದವರ ಕರ್ತವ್ಯ. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳುವವರು ಪಕ್ಷದ ಕೆಲಸ ಮಾಡುತ್ತಿದ್ದಾರೆಂದೇ ತಿಳಿಯಬೇಕು.

ಇದೇ 15ನೇ ಆಯೋಗವು 2020–21ಕ್ಕೆ ಕರ್ನಾಟಕಕ್ಕೆ 5,495 ಕೋಟಿಯ ವಿಶೇಷ ಅನುದಾನವನ್ನು ಶಿಫಾರಸು ಮಾಡಿತ್ತು, ಕೇಂದ್ರ ಅದನ್ನು ಒಪ್ಪಲಿಲ್ಲ. 2026–27ರಿಂದ ಐದು ವರ್ಷ 16ನೇ ಆಯೋಗದ ಅವಧಿಯಾದ್ದರಿಂದ ಮೇಲಿನ ಲೆಕ್ಕದಲ್ಲಿ ಶೇಕಡಾವಾರನ್ನು ಬದಲಿಸಿಕೊಂಡು ಗುಣಿಸಬೇಕು, ವಿಧಾನ ಅದೇ. ರಾಜ್ಯವಾರು ಪಟ್ಟಿಯು ಕೇಂದ್ರದ ಜಮಾ ಬಜೆಟ್ ಪುಸ್ತಕದ ಕೊನೆಯ ಅನುಬಂಧಗಳಲ್ಲಿ ಇರುತ್ತದೆ.

ಪುಸ್ತಕ ಓದುವ ಕ್ರಮ

ಬಜೆಟ್ ದಾಖಲೆಗಳೆಲ್ಲವೂ ಹಣಕಾಸು ಸಚಿವಾಲಯದ ಇಂಡಿಯಾ ಬಜೆಟ್ ಜಾಲತಾಣದಲ್ಲಿ ಭಾಷಣ ಮುಗಿದ ಕೂಡಲೇ ಉಚಿತವಾಗಿ ಸಿಗುತ್ತವೆ. ಕನ್ನಡದಲ್ಲಿ ಇರುವುದಿಲ್ಲ, ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಓದಬೇಕು. ಹತ್ತಾರು ಕಡತಗಳಿದ್ದರೂ ನಮಗೆ ಬೇಕಾದವು ಮೂರು: ಭಾಷಣ, ಸಚಿವಾಲಯವಾರು ಖರ್ಚಿನ ಬಜೆಟ್ ಮತ್ತು ಮೇಲೆ ಹೇಳಿದ ಜಮಾ ಬಜೆಟ್. ರೈಲಿನ ಕಾಮಗಾರಿಗಳಿಗೆ ಪಿಂಕ್ ಬುಕ್ ಎಂದು ಕರೆಯುವ ಪ್ರತ್ಯೇಕ ಪುಸ್ತಕವಿದೆ, ಅದನ್ನು ರೈಲ್ವೆ ಮಂಡಳಿಯ ಜಾಲತಾಣದಲ್ಲಿ ನೋಡಬೇಕು.

ಭಾಷಣದಲ್ಲಿ ಹೆಸರು ಬಂದರೆ ಹಣ ಬಂದಂತೆ ಎಂದು ತಿಳಿಯಬಾರದು. 2023–24ರ ಭಾಷಣದಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿಯ ನೆರವನ್ನು ಘೋಷಿಸಲಾಯಿತು. ಆ ಹಣ ಬಿಡುಗಡೆಯಾಗಲಿಲ್ಲವೆಂದು ರಾಜ್ಯ ಸರ್ಕಾರ ಮುಂದಿನ ವರ್ಷಗಳಲ್ಲಿ ದೂರುತ್ತಲೇ ಬಂದಿತು. ಹಾಗೆಯೇ ಭಾಷಣದಲ್ಲಿ ಹೆಸರಿಲ್ಲದಿದ್ದರೆ ಏನೂ ಇಲ್ಲವೆಂದೂ ಅಲ್ಲ. ಬಳ್ಳಾರಿ–ಚಿಕ್ಕಜಾಜೂರು ನಡುವಿನ 185 ಕಿಲೋಮೀಟರ್ ಜೋಡಿ ಮಾರ್ಗಕ್ಕೆ 3,342 ಕೋಟಿಯ ಒಪ್ಪಿಗೆ ಸಿಕ್ಕಿದ್ದು 2025ರ ಜೂನ್ ತಿಂಗಳಿನಲ್ಲಿ, ಬಜೆಟ್‌ಗೆ ಸಂಬಂಧವಿಲ್ಲದ ಒಂದು ಸಂಪುಟ ಸಮಿತಿಯ ಸಭೆಯಲ್ಲಿ.

ಖರ್ಚಿನ ಬಜೆಟ್‌ನಲ್ಲಿ ಪ್ರತಿ ಯೋಜನೆಯ ಎದುರು ನಾಲ್ಕು ಬಗೆಯ ಅಂಕಿಗಳಿರುತ್ತವೆ. ಎರಡು ವರ್ಷಗಳ ಹಿಂದೆ ನಿಜವಾಗಿ ಖರ್ಚಾದದ್ದು, ಕಳೆದ ವರ್ಷದ ಬಜೆಟ್ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು ಮತ್ತು ಬರುವ ವರ್ಷದ ಬಜೆಟ್ ಅಂದಾಜು. ಪತ್ರಿಕೆಗಳ ತಲೆಬರಹಕ್ಕೆ ಬರುವುದು ಕೊನೆಯದು. ನೀವು ಬೆರಳಿಟ್ಟು ಓದಬೇಕಾದದ್ದು ಎರಡನೆಯ ಮತ್ತು ಮೂರನೆಯ ಅಂಕಿಗಳ ನಡುವಿನ ಅಂತರವನ್ನು. ಜಲ ಜೀವನ್ ಮಿಷನ್ನಿಗೆ 2024–25ರಲ್ಲಿ 70,000 ಕೋಟಿಗೂ ಹೆಚ್ಚು ಎಂದು ಘೋಷಣೆಯಾಯಿತು. ಅದೇ ವರ್ಷದ ಪರಿಷ್ಕೃತ ಅಂದಾಜು 22,694 ಕೋಟಿಗೆ ಇಳಿಯಿತು. ಮರುವರ್ಷ ಮತ್ತೆ 67,000 ಕೋಟಿ ಎಂದು ಬರೆಯಲಾಯಿತು. ಕೊಪ್ಪಳದ ಹಳ್ಳಿಗಳಲ್ಲಿ ಫ್ಲೋರೈಡ್, ರಾಯಚೂರಿನ ಹಟ್ಟಿ ಸುತ್ತಿನ ಚಿನ್ನದ ಪದರಿನ ಊರುಗಳಲ್ಲಿ ಆರ್ಸೆನಿಕ್ ಬೆರೆತ ಕೊಳವೆಬಾವಿಯ ನೀರನ್ನು ಕುಡಿಯುವವರಿಗೆ ಈ ಮೂರು ಅಂಕಿಗಳು ಕೇವಲ ಲೆಕ್ಕಪತ್ರವಲ್ಲ. ಈ ಯೋಜನೆಯಲ್ಲಿ ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಹಣ ಹಾಕಬೇಕಾದ್ದರಿಂದ, ಊರಿನ ನಳದಲ್ಲಿ ನೀರು ಬಾರದಿದ್ದರೆ ಯಾರ ಅರ್ಧ ಬಂದಿಲ್ಲ ಎಂದು ಕೇಳುವುದೇ ಸರಿಯಾದ ಪ್ರಶ್ನೆ.

ಪಿಂಕ್ ಬುಕ್ಕಿನಲ್ಲಿ ಕಾಮಗಾರಿಗಳು ಜಿಲ್ಲೆಯ ಹೆಸರಿನಲ್ಲಿ ಇರುವುದಿಲ್ಲ, ರೈಲ್ವೆ ವಲಯದ ಹೆಸರಿನಲ್ಲಿ ಇರುತ್ತವೆ. ಬಳ್ಳಾರಿ ಮತ್ತು ಕೊಪ್ಪಳ ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಸೇರಿವೆ, ರಾಯಚೂರು ನಿಲ್ದಾಣ ಸೇರಿಲ್ಲ. ಹೀಗಾಗಿ ರಾಯಚೂರಿನವರು ಒಂದಕ್ಕಿಂತ ಹೆಚ್ಚು ವಲಯಗಳ ಪುಟಗಳನ್ನು ತಿರುವಿ ಹಾಕಬೇಕು. ಕರ್ನಾಟಕಕ್ಕೆ 2025–26ರಲ್ಲಿ 7,564 ಕೋಟಿ ಎಂದು ರೈಲ್ವೆ ಸಚಿವರು ಹೇಳಿದ ಒಟ್ಟು ಮೊತ್ತದಿಂದ ನಮ್ಮ ಮಾರ್ಗಕ್ಕೆ ಎಷ್ಟೆಂದು ತಿಳಿಯುವುದಿಲ್ಲ. ಮುನಿರಾಬಾದ್–ಮಹಬೂಬ್‌ನಗರ ಎಂಬ ಹೆಸರನ್ನು ಹುಡುಕಿ. ನಾವು ಗಿಣಿಗೇರಾ–ರಾಯಚೂರು ಎಂದು ಕರೆಯುವ ಮಾರ್ಗ ಪುಸ್ತಕದಲ್ಲಿರುವುದು ಆ ಹೆಸರಿನಲ್ಲಿ. 1997–98ರಲ್ಲಿ ಮಂಜೂರಾದ ಈ ಮಾರ್ಗದಲ್ಲಿ ಸಿಂಧನೂರಿಗೆ ರೈಲು ಬಂದದ್ದು 2024ರ ಮಾರ್ಚ್‌ನಲ್ಲಿ. ಕುಷ್ಟಗಿ, ಲಿಂಗಸುಗೂರು, ಸುರಪುರದವರು ಗದಗ–ವಾಡಿ ಮಾರ್ಗದ ಸಾಲನ್ನು ನೋಡಬೇಕು. ಎರಡರಲ್ಲಿಯೂ ವೆಚ್ಚದ ಅರ್ಧವನ್ನು ರಾಜ್ಯ ಭರಿಸುತ್ತದೆ, ಭೂಮಿಯನ್ನೂ ಉಚಿತವಾಗಿ ಕೊಡುತ್ತದೆ. ಅಂಕಿ ಸಾವಿರ ರೂಪಾಯಿಗಳಲ್ಲಿದೆಯೋ ಕೋಟಿಗಳಲ್ಲಿದೆಯೋ ಎಂಬುದನ್ನು ಪುಟದ ಮೇಲ್ಭಾಗದಲ್ಲಿ ಮೊದಲು ನೋಡಿಕೊಳ್ಳಿ. ಸೊನ್ನೆಗಳ ಎಣಿಕೆ ತಪ್ಪಿ ಪತ್ರಿಕಾಗೋಷ್ಠಿಯಲ್ಲಿ ನಗೆಪಾಟಲಾಗುವುದು ಬೇಡ.

ಮನವಿ ಪತ್ರ ಬರೆಯುವುದು

ಒಂದು ಪತ್ರಕ್ಕೆ ಒಂದೇ ಬೇಡಿಕೆ. ಹನ್ನೆರಡು ಬೇಡಿಕೆಗಳ ಮನವಿಯನ್ನು ಹಾರ ಹಾಕಿ ಕೊಟ್ಟರೆ ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೆ. ಪತ್ರವು ಒಂದೂವರೆ ಪುಟವನ್ನು ಮೀರದಿರಲಿ, ಮತ್ತು ಸಂಸದರ ಆಪ್ತ ಸಹಾಯಕರು ಅದನ್ನು ಹೆಚ್ಚು ತಿದ್ದದೆ ಸಂಸತ್ತಿನ ಪ್ರಶ್ನೆಯಾಗಿ ಪರಿವರ್ತಿಸುವಂತಿರಲಿ. ಒಂದು ಮಾದರಿಯನ್ನು ಕೆಳಗೆ ಕೊಟ್ಟಿದೆ. ಬಿಟ್ಟ ಜಾಗದಲ್ಲಿ ಆ ವರ್ಷದ ಪಿಂಕ್ ಬುಕ್ಕಿನ ಅಂಕಿಯನ್ನು ತುಂಬಬೇಕು.

"ಮಾನ್ಯರೇ, ಮುನಿರಾಬಾದ್–ಮಹಬೂಬ್‌ನಗರ ಹೊಸ ಮಾರ್ಗವು 1997–98ರಲ್ಲಿ ಮಂಜೂರಾಗಿದ್ದು, ಸಿಂಧನೂರಿನವರೆಗೆ 2024ರಲ್ಲಿ ರೈಲು ಸಂಚಾರ ಆರಂಭವಾಗಿದೆ. ಸಿಂಧನೂರಿನಿಂದ ಮಾನ್ವಿ ಮೂಲಕ ರಾಯಚೂರಿನವರೆಗಿನ ಭಾಗಕ್ಕೆ ಸಂಬಂಧಿಸಿದಂತೆ ಈ ಸಾಲಿನ ಪಿಂಕ್ ಬುಕ್ಕಿನ ... ಪುಟದಲ್ಲಿ ... ಕೋಟಿ ರೂಪಾಯಿ ತೋರಿಸಲಾಗಿದೆ. ಈ ಪೈಕಿ ಇದುವರೆಗೆ ಖರ್ಚಾದ ಮೊತ್ತವೆಷ್ಟು, ರಾಜ್ಯ ಸರ್ಕಾರದಿಂದ ಬರಬೇಕಾದ ಪಾಲಿನಲ್ಲಿ ಬಾಕಿ ಎಷ್ಟು, ಮತ್ತು ಭೂಸ್ವಾಧೀನ ಬಾಕಿಯಿರುವ ಗ್ರಾಮಗಳು ಯಾವುವು ಎಂಬ ಮೂರು ಮಾಹಿತಿಗಳನ್ನು ತಾವು ರೈಲ್ವೆ ಸಚಿವರಿಂದ ಲಿಖಿತವಾಗಿ ಪಡೆದುಕೊಡಬೇಕೆಂದು ಕೋರುತ್ತೇವೆ."

ಈ ಪತ್ರದಲ್ಲಿ ಹೊಗಳಿಕೆಯೂ ಇಲ್ಲ, ದೂರೂ ಇಲ್ಲ. ಮೂರು ಪ್ರಶ್ನೆಗಳಿಗೂ ಅಂಕಿ ಅಥವಾ ಹೆಸರಿನ ರೂಪದಲ್ಲಿಯೇ ಉತ್ತರ ಬರಬೇಕು. "ಶೀಘ್ರವಾಗಿ ಕ್ರಮ ಕೈಗೊಳ್ಳಬೇಕು" ಎಂದು ಕೇಳಿದ್ದರೆ "ಕ್ರಮ ಕೈಗೊಳ್ಳಲಾಗುತ್ತಿದೆ" ಎಂಬ ಉತ್ತರ ಬಂದು ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ಪತ್ರವನ್ನು ಕನ್ನಡದಲ್ಲಿಯೇ ಬರೆಯಿರಿ. ಸಂವಿಧಾನದ 350ನೇ ವಿಧಿಯಂತೆ ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಧಿಕಾರಿಗಳಿಗೂ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಆದರೂ ಸಚಿವಾಲಯಕ್ಕೆ ಕಳಿಸುವ ಪ್ರತಿಗೆ ಇಂಗ್ಲಿಷಿನ ಒಂದು ಪುಟವನ್ನು ಲಗತ್ತಿಸುವುದು ಜಾಣತನ. ಹಕ್ಕನ್ನು ಸಾಧಿಸುವುದಕ್ಕಿಂತ ಇಲ್ಲಿ ಕೆಲಸ ಸಾಧಿಸುವುದು ಮುಖ್ಯ. ಖುದ್ದಾಗಿ ಕೊಟ್ಟರೆ ಎರಡನೆಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ, ಟಪಾಲಿನಲ್ಲಾದರೆ ಸ್ಪೀಡ್ ಪೋಸ್ಟ್ ರಸೀದಿಯನ್ನು ಪತ್ರದ ಪ್ರತಿಗೇ ಪಿನ್ ಮಾಡಿ.

ಸಮಯವೂ ಮುಖ್ಯ. ಜನವರಿ ಕೊನೆಯ ವಾರದಲ್ಲಿ ಕೊಡುವ ಬಜೆಟ್ ಬೇಡಿಕೆ ಬಹುಮಟ್ಟಿಗೆ ವ್ಯರ್ಥ, ಅಷ್ಟರಲ್ಲಿ ಪುಸ್ತಕ ಅಚ್ಚಿನ ಮನೆಗೆ ಹೋಗಿರುತ್ತದೆ. ಸಚಿವಾಲಯಗಳು ತಮ್ಮ ಅಂದಾಜುಗಳನ್ನು ಕೂಡಿಸುವುದು ಮಳೆಗಾಲ ಮುಗಿಯುತ್ತಿದ್ದಂತೆ, ಹಾಗಾಗಿ ದಸರೆಯ ಹೊತ್ತಿಗೆ ನಿಮ್ಮ ಪತ್ರ ದೆಹಲಿಯಲ್ಲಿರಬೇಕು. ಫೆಬ್ರವರಿಯಲ್ಲಿ ಮಂಡನೆಯಾದ ಮೇಲೆ ಅಧಿವೇಶನಕ್ಕೆ ಬಿಡುವು ಕೊಟ್ಟು ಇಲಾಖಾವಾರು ಸ್ಥಾಯಿ ಸಮಿತಿಗಳು ಅನುದಾನದ ಬೇಡಿಕೆಗಳನ್ನು ಪರಿಶೀಲಿಸುತ್ತವೆ. ನಿಮ್ಮ ಸಂಸದರು ಯಾವ ಸಮಿತಿಯಲ್ಲಿದ್ದಾರೆಂದು ಸಂಸತ್ತಿನ ಜಾಲತಾಣದಲ್ಲಿ ನೋಡಿ, ಆ ಬಿಡುವಿನಲ್ಲಿ ಇನ್ನೊಂದು ಪತ್ರ ಕೊಡಿ.

ಬೆನ್ನು ಹತ್ತುವುದು

ಲೋಕಸಭೆಯಲ್ಲಿ ದಿನವೊಂದಕ್ಕೆ 20 ಚುಕ್ಕೆ ಗುರುತಿನ ಮತ್ತು 230 ಚುಕ್ಕೆರಹಿತ ಪ್ರಶ್ನೆಗಳಿಗೆ ಅವಕಾಶವಿದೆ, ಕನಿಷ್ಠ 15 ದಿನಗಳ ಮುಂಚಿತ ಸೂಚನೆ ಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಮಾತಿನ ಉತ್ತರ ಕೊಡುತ್ತಾರೆ, ಚುಕ್ಕೆರಹಿತಕ್ಕೆ ಬರಹದ ಉತ್ತರ ಬರುತ್ತದೆ. ಟಿವಿಗೆ ಮೊದಲನೆಯದು ಇಷ್ಟ. ನಮಗೆ ಬೇಕಾದದ್ದು ಎರಡನೆಯದು, ಏಕೆಂದರೆ ಗ್ರಾಮಗಳ ಪಟ್ಟಿಯೂ ಮೊತ್ತವೂ ಅದರ ಅನುಬಂಧದಲ್ಲಿ ಬರುತ್ತವೆ. ತುರ್ತು ವಿಷಯವನ್ನು ಶೂನ್ಯ ವೇಳೆಯಲ್ಲಿ ಅಥವಾ 377ನೇ ನಿಯಮದಡಿ ಪ್ರಸ್ತಾಪಿಸಲು ಸಂಸದರನ್ನು ಕೇಳಬಹುದು. ಸಂಸತ್ತಿನ ಜಾಲತಾಣದ ಪ್ರಶ್ನೆಗಳ ವಿಭಾಗದಲ್ಲಿ ಸದಸ್ಯರ ಹೆಸರು ಹಾಕಿದರೆ ಅವರು ಇದುವರೆಗೆ ಏನೇನು ಕೇಳಿದ್ದಾರೆಂಬುದೆಲ್ಲ ತೆರೆದುಕೊಳ್ಳುತ್ತದೆ. ಮನವಿ ಕೊಡುವ ಮೊದಲೇ ನೋಡಿಕೊಂಡರೆ, ಈಗಾಗಲೇ ಉತ್ತರ ಬಂದಿರುವ ಪ್ರಶ್ನೆಯನ್ನು ಮತ್ತೆ ಕೇಳುವ ಮುಜುಗರ ತಪ್ಪುತ್ತದೆ.

ಜಿಲ್ಲಾ ಮಟ್ಟದಲ್ಲಿ ದಿಶಾ ಸಮಿತಿ ಎಂಬುದೊಂದಿದೆ. ಕೇಂದ್ರದ ಯೋಜನೆಗಳ ಪ್ರಗತಿಯನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕಾದ ಈ ಸಮಿತಿಗೆ ಲೋಕಸಭಾ ಸದಸ್ಯರೇ ಅಧ್ಯಕ್ಷರು, ಜಿಲ್ಲಾಧಿಕಾರಿ ಸದಸ್ಯ ಕಾರ್ಯದರ್ಶಿ. ಒಂದು ಜಿಲ್ಲೆಯಲ್ಲಿ ಇಬ್ಬರು ಸಂಸದರ ಕ್ಷೇತ್ರಗಳಿದ್ದರೆ ಹಿರಿಯರು ಅಧ್ಯಕ್ಷರಾಗಿಯೂ ಇನ್ನೊಬ್ಬರು ಸಹ ಅಧ್ಯಕ್ಷರಾಗಿಯೂ ಇರುತ್ತಾರೆ. ಸಿಂಧನೂರಿನವರಿಗೆ ಇದು ಅನುಕೂಲ: ತಮ್ಮ ಕೊಪ್ಪಳದ ಸಂಸದರನ್ನು ರಾಯಚೂರಿನ ದಿಶಾ ಸಭೆಯಲ್ಲಿಯೂ ಕೇಳಬಹುದು. ಸಭೆಯ ದಿನಾಂಕವನ್ನು ಜಿಲ್ಲಾ ಪಂಚಾಯಿತಿಯಲ್ಲಿ ವಿಚಾರಿಸಿ, ಹಿಂದಿನ ಸಭೆಯ ನಡಾವಳಿಯ ಪ್ರತಿಯನ್ನು ಪಡೆದು, ಅದರಲ್ಲಿ ಅಧಿಕಾರಿಗಳು ಒಪ್ಪಿಕೊಂಡ ಗಡುವುಗಳಿಗೆ ಕೆಂಪು ಗೆರೆ ಎಳೆದು ಸಂಸದರ ಕೈಗೆ ಕೊಡಿ.

ಇದಾವುದರಿಂದಲೂ ಮಾಹಿತಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಉಳಿದಿದೆ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ, ಉತ್ತರಕ್ಕೆ 30 ದಿನಗಳ ಗಡುವು. ಕೆಲಸ ಏಕೆ ಆಗಿಲ್ಲ, ಯಾರು ಹೊಣೆ ಎಂದು ಇದರಲ್ಲಿ ಕೇಳಬೇಡಿ, ಕಚೇರಿಯಲ್ಲಿ ದಾಖಲೆಯಾಗಿ ಇಲ್ಲದ್ದನ್ನು ಅವರು ಸೃಷ್ಟಿಸಿ ಕೊಡಬೇಕಾಗಿಲ್ಲ. ಇಂತಹ ಕಾಮಗಾರಿಗೆ ಇಂತಹ ವರ್ಷ ಬಿಡುಗಡೆಯಾದ ಹಣದ ಆದೇಶದ ಪ್ರತಿ, ಬಂದ ಹಣ ಖರ್ಚಾಗಿದೆಯೆಂದು ದೃಢಪಡಿಸುವ ಬಳಕೆ ಪ್ರಮಾಣಪತ್ರದ ಪ್ರತಿ, ರಾಜ್ಯ ಮತ್ತು ಕೇಂದ್ರದ ನಡುವಿನ ಪತ್ರವ್ಯವಹಾರದ ಪ್ರತಿ ಎಂದು ಹೆಸರಿಸಿ ಕೇಳಿ. ಬಳಕೆ ಪ್ರಮಾಣಪತ್ರ ಸಲ್ಲಿಕೆಯಾಗಿಲ್ಲ ಎಂಬ ಉತ್ತರ ಬಂದರೆ ಹಣ ನಿಂತಿರುವುದು ದೆಹಲಿಯಲ್ಲಲ್ಲ, ಬೆಂಗಳೂರಿನಲ್ಲೋ ನಿಮ್ಮ ಜಿಲ್ಲೆಯ ಕಚೇರಿಯಲ್ಲೋ ಎಂದು ಗೊತ್ತಾಗುತ್ತದೆ, ಮತ್ತು ಮುಂದಿನ ಪತ್ರದ ವಿಳಾಸವನ್ನು ಅದರಂತೆ ಬದಲಿಸಿಕೊಳ್ಳಬೇಕು.